ಚಪ್ಪಾಳೆ ತಟ್ಟಿದ ಮೇಲೆ

ಏಲಕ್ಕಿ ಹಾಕಿದ ಕಾಫಿಯ ವಾಸನೆ ಬಂದರೆ ಇವತ್ತಿಗೂ ಇಂಗ್ಲೆಂಡಿನ ಸಾಲ್ಫರ್ಡ್‌ನ ನಮ್ಮ ಮನೆಯ ಕಾರ್ಪೆಟ್ ಕಣ್ಮುಂದೆ ಬರುತ್ತದೆ.

ಮೇಲಿನ ಫ್ಲ್ಯಾಟಿನ ಪ್ಯಾಲೆಸ್ಟೀನಿ ಅಂಕಲ್ ತಮ್ಮೂರಿನ ನಾಟಕಗಳಲ್ಲಿ ರಾಜನಾಗಿ ಮೆರೆದವರು. ಇಲ್ಲಿನ ಸಿನಿಮಾಗಳಲ್ಲಿ ಅವರಿಗೆ ಗುಂಡೇಟು ತಿಂದು ಸಾಯುವ ಪಾತ್ರವಷ್ಟೇ. ಮೇಲೆ ಬರೀ ಮರದ ನೆಲ, ಸದ್ದಾಗುತ್ತದೆಂದು, ಬೀಳುವುದನ್ನು ಅಭ್ಯಾಸ ಮಾಡಲು ಕೆಳಗೆ ಕಾರ್ಪೆಟ್ ಇದ್ದ ನಮ್ಮ ಮನೆಗೆ ಬರುತ್ತಿದ್ದರು. ನಾನು ಚಪ್ಪಾಳೆ ತಟ್ಟಿದ ಮೇಲೇ ಏಳುತ್ತಿದ್ದರು.

ಒಂದು ಮಧ್ಯಾಹ್ನ ಏಲಕ್ಕಿ ಕಾಫಿ ಅವರೇ ಕಾಯಿಸಿ ತಂದಿದ್ದರು.

"ಈ ಸಲನಾದ್ರೂ ಪಾತ್ರಕ್ಕೆ ಮಾತಿದ್ಯಾ ಅಣ್ಣಾ?" ಅಮ್ಮ ಕೇಳಿದಳು.

"ಒಂದು ಕಿರುಚಾಟ ಇದೆ, ಸಿಸ್ಟರ್."

ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಕೇಳಿಸಿಕೊಂಡು, "ಗಾಜಾದಲ್ಲಿ ನನ್ನ ತಮ್ಮ ಹೋಗ್ಬಿಟ್ಟ" ಎಂದರು. ಕಿರುಚಲಿಲ್ಲ. ಉಳಿದ ಕಾಫಿ ಕುಡಿದು, "ನಾಳೆ ಶೂಟಿಂಗ್ ಇದೆ" ಎನ್ನುತ್ತ ಎದ್ದು, ಮೊಣಕಾಲೂರಿ ಕಾರ್ಪೆಟ್ಟಿನ ಮೇಲೆ ಬಿದ್ದರು.

ನಾನು ಚಪ್ಪಾಳೆ ತಟ್ಟಿದೆ. ಅವರು ಏಳಲಿಲ್ಲ. ಮತ್ತೆ ತಟ್ಟಲು ಹೋದರೆ ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು.