ಭೀಮಕ್ಕನ ಕೌದಿಯ ಪುಟ

ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ ಭೀಮಕ್ಕನ ಕೌದಿಯ ಫೋಟೋದ ಬಲ ಅಂಚೇ ಇರಲಿಲ್ಲ. ಸಾಸ್ವೆಹಳ್ಳಿ ಬಸ್ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಸೆಂಟರಿನಲ್ಲಿ ಮೊಮ್ಮಗಳು ಅಕ್ಷಿತಾಳ ಕುರ್ಚಿ ಹಿಡಿದು ನಿಂತಿದ್ದ ಭೀಮಕ್ಕ, ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಕೆಂಪು ತುಂಡು ಎಲ್ಲೋಯ್ತೇ ಕೂಸೇ?"

ಅಕ್ಷಿತಾ ಹಾಳೆ ಇಸಿದುಕೊಂಡು ನೋಡಿದಳು; ಅಂಚಿನ ಜೊತೆ ಅದೂ ಕತ್ತರಿಸಿಹೋಗಿತ್ತು. ಕೌದಿ ಮುಗಿಸುವಾಗ ಒಳಗೆ ಒಂದು ಚೂರು ರೊಟ್ಟಿಯಿಟ್ಟು, ಅದರ ಮೇಲೆ ಕೊನೆಯ ತುಂಡು ಹಾಕಿ ಹೊಲಿಯುವುದು ಅಜ್ಜಿಯ ತವರಿನ ಪದ್ಧತಿ. ಹಸಿದ ಕೌದಿ ಹೊದ್ದವರ ಕನಸುಗಳನ್ನೆಲ್ಲ ತಿಂದುಹಾಕುತ್ತದೆ ಎಂಬ ಕಥೆ ಕೇಳಿಕೊಂಡೇ ಬೆಳೆದವಳು ಅಕ್ಷಿತಾ. ಆ ಕೊನೆಯ ತುಂಡೇ ಈ ಕೆಂಪು ತುಂಡು.

ಮಹಿಳಾ ಸಂಘದ ಕೌದಿಗಳ ಪುಸ್ತಕ ಈಗ ಬರಲಿರುವ ಬಸ್ಸಿಗೇ ಹೊನ್ನಾಳಿಯ ಪ್ರದರ್ಶನಕ್ಕೆ ಹೊರಡಬೇಕಿತ್ತು. ಹೆಂಗಸರ ಮಾತು, ಕೌದಿಯ ಫೋಟೋ ಎರಡನ್ನೂ ತಾನಾಗಿ ಜೋಡಿಸಿ ಪುಟ ಕಟ್ಟುವ ಪ್ರೋಗ್ರಾಮನ್ನು ಅಕ್ಷಿತಾಳೇ ಬರೆದಿದ್ದಳು. ಮಿಕ್ಕವರ ಕೌದಿಗಳು ಉದ್ದ ಪುಟದಲ್ಲಿ ಹಿಡಿದವು. ಗೋಡೆ ತುಂಬ ಹರಡಿ ಫೋಟೋ ತೆಗೆದಿದ್ದ ಅಜ್ಜಿಯ ಕೌದಿ ಹಿಡಿಯಲಿಲ್ಲ.

"ಸಣ್ಣದು ಮಾಡಮ್ಮ, ಹಿಡೀತೈತೆ," ಎಂದಳು ಸಂಘದ ಅಧ್ಯಕ್ಷೆ ಶಿವಲೀಲಾ, ಬಾಗಿಲಲ್ಲಿ ನಿಂತು ಬಸ್ಸಿನ ದಾರಿ ನೋಡುತ್ತಾ.

ಅಕ್ಷಿತಾ ಸಣ್ಣದು ಮಾಡಿದಳು. ಭೀಮಕ್ಕ ಬಗ್ಗಿ ನೋಡಿ, "ಇದು ಕೌದಿ ಅಲ್ಲ ಕಣೇ, ಕರ್ಚೀಫು. ನಮ್ಮವ್ವನ ಸೀರೆ ಯಾವ್ದು, ನಿಮ್ಮ ತಾತನ ಪಂಚೆ ಯಾವ್ದು, ಒಂದೂ ಕಾಣಾಕಿಲ್ಲ," ಎಂದಳು.

"ಇದೊಂದು ಪುಟ ಅಡ್ಡ ಮಾಡ್ತೀನಿ, ಶಿವಲೀಲಕ್ಕ."

"ಅಡ್ಡ ಮಾಡಿದ್ರೆ ಪುಸ್ತಕ ತಿರುಗಿಸಿ ನೋಡ್ಬೇಕಾಗ್ತದೆ. ಅಲ್ಲಿಗೆ ದೊಡ್ಡ ದೊಡ್ಡೋರು ಬರೋದು. ಭೀಮಕ್ಕನ ಕೌದಿಗೋಸ್ಕರ ಯಾರು ತಿರುಗಿಸ್ತಾರೆ?"

ತನ್ನ ಹೆಸರು ಅಚ್ಚಾಗುವುದನ್ನು ಕಣ್ಣಾರೆ ನೋಡಲೆಂದೇ ಮದುವೆಗೆ ಉಡುವ ಸೀರೆಯುಟ್ಟು ಬಂದಿದ್ದ ಭೀಮಕ್ಕ ಸೆರಗು ಸರಿಮಾಡಿಕೊಂಡಳು. "ಹಂಗಾರೆ ನನ್ನ ಪುಟ ತೆಗೆದುಬಿಡ್ರಿ ಅಮ್ಮಾ. ಕೆಂಪು ತುಂಡು ಕಾಣ್ದಂಗೆ, ಹಸಿದ ಕೌದೀನ ಮನೆಯಿಂದ ಆಚೆ ಕಳಿಸಾಕೆ ನನಗೆ ಮನಸಿಲ್ಲ."

ಅಕ್ಷಿತಾ ಯಾರ ಮುಖವನ್ನೂ ನೋಡಲಿಲ್ಲ. ಈ ಪುಟ ಅಡ್ಡ ಮಲಗಲಿ ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಓಡಿಸಿದಳು. ಕೌದಿ ಪರದೆಯ ಮೇಲೆ ಕಾಲುಚಾಚಿ ಮಲಗಿತು. ಅದರ ಹಿಂದಿದ್ದ ಪುಟಗಳೂ ಒಂದರ ಹಿಂದೊಂದು ಮಲಗಿದವು. ಕೊನೆಯ ಪುಟದ 'ಅಧ್ಯಕ್ಷರ ಮಾತು' ಕೂಡ ಅಡ್ಡಡ್ಡ ಹಾಸಿಕೊಂಡಿತ್ತು.

"ಅಯ್ಯೋ, ನನ್ನನ್ಯಾಕೆ ಮಲಗಿಸಿದ್ಯೇ!" ಎನ್ನುತ್ತಾ ಶಿವಲೀಲಾ ಪರದೆಯತ್ತ ಬಂದಳು.

"ಬೆಳಗಿಂದ ನಿಂತೇ ಇದೀರಲ್ಲ, ಒಂದು ಗಳಿಗೆ ಮಲಗ್ರಿ ಅತ್ಲಾಗೆ," ಎಂದಳು ಭೀಮಕ್ಕ. ಶಿವಲೀಲಾಳಿಗೂ ನಗು ತಡೆಯಲಾಗಲಿಲ್ಲ.

ಅಕ್ಷಿತಾಳಿಗೆ ತಪ್ಪು ಹೊಳೆಯಿತು. ರಾಣಿ ಆಕಳಿಸಿದಳೆಂದು ಇಡೀ ಪಟ್ಟಣವೇ ನಿದ್ದೆಹೋದ ಕಥೆಯಂತಾಗಿತ್ತು ಇದು; ಮಲಗು ಎಂದವಳು ಮತ್ತೆ ಎಲ್ಲಿ ಏಳಬೇಕೆಂದು ಹೇಳಿಯೇ ಇರಲಿಲ್ಲ. ಕೌದಿಯ ಪುಟ ಮುಗಿದಲ್ಲಿ ಆ ಭಾಗವನ್ನು ಮುಗಿಸಿ, ಹೊಸ ಭಾಗ ತೆರೆದು, ಇಲ್ಲಿಂದ ನೆಟ್ಟಗೆ ನಿಲ್ಲು ಎಂದು ಬರೆದಳು. ಕೌದಿಯೊಂದನ್ನು ಬಿಟ್ಟು ಎಲ್ಲರೂ ಎದ್ದು ನಿಂತರು.

ಹೊರಗೆ ಬಸ್ಸು ಹಾರನ್ ಹೊಡೆಯಿತು. ಪಿನ್ನು ಹೊಡೆದ, ಇನ್ನೂ ಬೆಚ್ಚಗಿದ್ದ ಪುಸ್ತಕವನ್ನು ಶಿವಲೀಲಾ ತೆಗೆದುಕೊಂಡು ಹಾಳೆ ಮಗುಚುತ್ತಾ ಬಾಗಿಲ ತನಕ ಹೋದಳು. ಅಲ್ಲೇ ನಿಂತಳು.

"ನಾನು ಈಗ್ಲೇ ಹೇಳಿರ್ತೀನಿ ಭೀಮಕ್ಕ, ಅಲ್ಲಿ ಯಾರೂ ತಿರುಗಿಸಾಕಿಲ್ಲ."

ಪುಸ್ತಕ ಆಗಲೇ ಅವಳ ಕೈಯಲ್ಲಿ ಅಡ್ಡ ತಿರುಗಿತ್ತು.