ಒತ್ತಾಯದ ಹೋಳಿಗೆ

"ದೊಡ್ಡವ್ವಾ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

ಹನ್ನೊಂದು ವರ್ಷದ ಅಂಬಿಕಾ ರೊಟ್ಟಿ ಬುಟ್ಟಿ ಹಿಡಿದು ಕೇಳಿದಳು. ಅವಳ ದೊಡ್ಡವ್ವ ದ್ರಾಕ್ಷಾಯಿಣಿ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕವಾ, ಬ್ಯಾಡ" ಎಂದಳು. ಅಂಬಿಕಾ "ಆತ್ರಿ" ಎಂದವಳೇ ಬುಟ್ಟಿ ಕೆಳಗಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಒಲೆಯ ಮುಂದೆ ಕೂತಿದ್ದ ತಾಯಿ ಸಾವಂತ್ರೆವ್ವನಿಗೆ ಮೊದಲು ಹಿಗ್ಗಾಯಿತು, ಅದರ ಬೆನ್ನಿಗೇ ಭಯ. ಅಕ್ಕ ಬೆಳಿಗ್ಗೆಯೇ ಕುಂಡಯಿಯಿಂದ ಹೊರಟು, ಎರಡು ಬಸ್ಸು ಬದಲಿಸಿ, ಸಾಂಕೋಲೆಯ ಈ ಚಾಳಿಗೆ ಮಗನ ಮದುವೆ ಪತ್ರಿಕೆ ಕೊಡಲು ಬಂದವಳು. ತಿಂದದ್ದು ಒಂದೇ ರೊಟ್ಟಿ. ನಮ್ಮ ಬಯಲುಸೀಮೆಯವರು ಮೊದಲ ಸಲ ಸಾಕು ಎನ್ನುವುದು ಮರ್ಯಾದೆಗೆ, ಎರಡನೆಯ ಸಲ ಎನ್ನುವುದು ರೂಢಿಗೆ. ಮೂರನೆಯ ಸಲ ಬಡಿಸುವವರು ಅಡ್ಡ ಹಿಡಿದ ಕೈ ಸರಿಸಿ ತಾಟಿಗೆ ಹಾಕಿದ ಮೇಲೆಯೇ ನಿಜವಾದ ಊಟ ಶುರು. ಅಕ್ಕತಂಗಿಯರಿಬ್ಬರೂ ಗೋವಾಕ್ಕೆ ಬಂದು ಇಪ್ಪತ್ತು ವರ್ಷವಾದರೂ ಈ ಪದ್ಧತಿ ಮಾತ್ರ ಒಂದಿಷ್ಟೂ ಸಡಿಲಾಗಿಲ್ಲ.

ಅಂಬಿಕಾಗೆ ಇದನ್ನು ತಿಳಿಸಿ ಹೇಳುವವರು ಯಾರು? ಹೋದ ವರ್ಷ ದ್ರಾಕ್ಷಾಯಿಣಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದಾಗ ಬಂದವರ ಬಳೆಯನ್ನೆಲ್ಲ ಹಿಡಿಹಿಡಿದು ಸರಿಸಿ ನೋಡುತ್ತ, ಬೇಡ ಬೇಡ ಎಂದರೂ ಬಿಡದೆ, ಬೀಗಿತ್ತಿಯ ಕೈಯಿಂದ ಏಟು ತಿಂದಿದ್ದಳು. ಅಂದಿನಿಂದ ಸಾವಂತ್ರೆವ್ವ ಮಗಳನ್ನು ಯಾವ ಕಾರ್ಯಕ್ಕೂ ಕರೆದೊಯ್ದಿಲ್ಲ. ವಿಶೇಷ ಮಕ್ಕಳ ತರಗತಿಯ ಶೈಲಾ ಟೀಚರ್ ನಾಲ್ಕು ತಿಂಗಳು ಹೆಣಗಿ ಒಂದು ಪಾಠ ಕಲಿಸಿದ್ದರು: ಮುಟ್ಟುವ ಮೊದಲು ಕೇಳಬೇಕು, ಕೊಡುವ ಮೊದಲು ಕೇಳಬೇಕು, ಬೇಡವೆಂದರೆ ಕೈ ಹಿಂದೆ. ಶಾಲೆಯಲ್ಲಿ ಕೊಂಕಣಿಯ 'ನಾಕಾ', ಮನೆಯಲ್ಲಿ 'ಬ್ಯಾಡ'. ಮನೆಯವರು ಒಮ್ಮೆ ತಪ್ಪಿದರೂ ಹುಡುಗಿಗೆ ಎಲ್ಲವೂ ಕಲಸುಮೇಲೋಗರವಾಗುತ್ತದೆ ಎಂದು ತಾಯಿಗೂ ತಾಕೀತು ಮಾಡಿದ್ದರು.

ಸಾವಂತ್ರೆವ್ವ ಹೋಳಿಗೆಯ ತಟ್ಟೆ ಹಿಡಿದು ಎದ್ದು ಬಂದಳು. "ಒಂದ ರೊಟ್ಟಿಗೆ ಕೈ ತೊಳಕೊಂತಿಯೇನ ಅಕ್ಕಾ? ಶೇಂಗಾ ಹೋಳಿಗಿ, ನಿನಗಂತನ ಮಾಡೇನಿ."

"ಬ್ಯಾಡ ಬಿಡ ತಂಗಿ, ಹೊಟ್ಟಿ ತುಂಬೇತಿ." ದ್ರಾಕ್ಷಾಯಿಣಿಯ ಕಣ್ಣು ಮಾತ್ರ ಹೋಳಿಗೆ ಬಿಟ್ಟು ಕದಲಲಿಲ್ಲ.

ಸಾವಂತ್ರೆವ್ವ ಬಗ್ಗಿದಳು. ಅಂಬಿಕಾ ನಡುವೆ ಬಂದಳು. "ಅವ್ವಾ, ದೊಡ್ಡವ್ವ ಬ್ಯಾಡ ಅಂದ್ಲು. ಕೈ ಹಿಂದ."

ಸಾವಂತ್ರೆವ್ವನಿಗೆ ಇಕ್ಕಟ್ಟಾಯಿತು. ಹಾಕಿದರೆ ನಾಲ್ಕು ತಿಂಗಳ ಕಲಿಕೆ ನೀರುಪಾಲು. ಹಾಕದಿದ್ದರೆ ತಂಗಿ ಒಂದೇ ರೊಟ್ಟಿಗೆ ಎಬ್ಬಿಸಿದಳೆಂದು ಬಳಗದಲ್ಲೆಲ್ಲ ಮಾತಾಗುತ್ತದೆ. ಅದಕ್ಕಿಂತ ಹೆಚ್ಚಿಗೆ, ಪತ್ರಿಕೆ ಇನ್ನೂ ಅಕ್ಕನ ಚೀಲದಲ್ಲೇ ಇತ್ತು. ಮದುವೆಗೆ ಅಂಬಿಕಾ ಬರಬಹುದೋ ಇಲ್ಲವೋ, ಅಕ್ಕ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಮಗಳು ಎಷ್ಟು ಕಲಿತಿದ್ದಾಳೆಂದು ತೋರಿಸಲೆಂದೇ ಬಡಿಸಲು ಹಚ್ಚಿದ್ದಳು. ಈಗ ಆ ಕಲಿತದ್ದೇ ಅಡ್ಡ ನಿಂತಿತ್ತು. ಅವಳು ತಟ್ಟೆ ಕೆಳಗಿಟ್ಟು, ಮಗಳ ಪಕ್ಕದಲ್ಲಿ ತಾನೂ ಕೈ ಹಿಂದೆ ಕಟ್ಟಿ ನಿಂತಳು.

"ತಪ್ಪ ತಿಳೀಬ್ಯಾಡಕ್ಕ. ಬ್ಯಾಡ ಅಂದವರನ್ನ ಬಿಡಬೇಕು ಅಂತ ಈಗರ ಕಲತಾಳ. ನಾ ಒತ್ತಾಯ ಮಾಡಿದ್ರ ಎಲ್ಲಾ ಹಾಳಾಗ್ತೈತಿ."

ದ್ರಾಕ್ಷಾಯಿಣಿ, ಮಾಸ್ತರರ ಮುಂದೆ ತಪ್ಪೊಪ್ಪಿಕೊಂಡವರ ಹಾಗೆ ನಿಂತ ತಾಯಿ ಮಗಳನ್ನು ನೋಡಿದಳು. ಆಮೇಲೆ ಹುಡುಗಿಯನ್ನೇ ಕೇಳಿದಳು. "ಹಂಗಾರ ನನಗ ಬೇಕಾಗಿತ್ತಂದ್ರ ಏನ ಮಾಡಬೇಕವಾ?"

"ಬೇಕು ಅನ್ನಬೇಕ್ರಿ."

ಐವತ್ತೆರಡು ವರ್ಷದಲ್ಲಿ ದ್ರಾಕ್ಷಾಯಿಣಿ ಇನ್ನೊಬ್ಬರ ಮನೆಯ ತಾಟಿನ ಮುಂದೆ ಆ ಮಾತು ಆಡಿದವಳಲ್ಲ. ಸೆರಗು ಸರಿಮಾಡಿಕೊಂಡಳು. ಬಾಗಿಲಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. "ಬೇಕವಾ" ಎಂದಳು, ಮೆಲ್ಲಗೆ.

"ಎಷ್ಟ್ರಿ?"

"ಎರಡು... ಇಲ್ಲ, ಮೂರ ಹಾಕು. ತುಪ್ಪಾನೂ ಬೇಕು."

ಅಂಬಿಕಾ ಮೂರೇ ಹಾಕಿದಳು. ದ್ರಾಕ್ಷಾಯಿಣಿ ಅಷ್ಟು ಸಮಾಧಾನದಿಂದ ಉಂಡದ್ದನ್ನು ತಂಗಿ ಎಂದೂ ನೋಡಿರಲಿಲ್ಲ.

ಕೈ ತೊಳೆದು ಬಂದ ದ್ರಾಕ್ಷಾಯಿಣಿ ಪತ್ರಿಕೆ ತೆಗೆದು, ಅದರ ಮೂಲೆಗೆ ಕುಂಕುಮ ಹಚ್ಚಿದಳು. "ಮದುವಿಗೆ ಅಂಬಿಕಾನ್ನೂ ಕರಕೊಂಡ ಬಾ."

ಈ ಒಂದು ಮಾತಿಗಾಗಿ ಸಾವಂತ್ರೆವ್ವ ವರ್ಷವಿಡೀ ಕಾದಿದ್ದಳು. ಆದರೆ ಹುಟ್ಟಿದಾಗಿನ ರೂಢಿ ಎಲ್ಲಿ ಹೋದೀತು? ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು. "ಬ್ಯಾಡ ಬಿಡಕ್ಕ. ಅಷ್ಟ ಮಂದ್ಯಾಗ ನಿನಗ್ಯಾಕ ತ್ರಾಸ." ಅಂದವಳು ಅಕ್ಕನ ಒತ್ತಾಯಕ್ಕೆ ಕಾದಳು.

ದ್ರಾಕ್ಷಾಯಿಣಿ ಒತ್ತಾಯಿಸಲು ಬಾಯಿ ತೆರೆದಳು. ಅಂಬಿಕಾಳ ಕಡೆ ನೋಡಿದಳು. ಬಾಯಿ ಮುಚ್ಚಿದಳು. "ನಿಮ್ಮವ್ವ ಬ್ಯಾಡ ಅಂದ್ಲಲ್ಲವಾ."

"ಹೌದ್ರಿ," ಎಂದಳು ಅಂಬಿಕಾ.

ದ್ರಾಕ್ಷಾಯಿಣಿ ನಿಧಾನವಾಗಿ ಪತ್ರಿಕೆಯ ಸಮೇತ ಕೈಯನ್ನು ಬೆನ್ನ ಹಿಂದೆ ಒಯ್ದಳು. ಅವಳ ತುಟಿಯಂಚಿನಲ್ಲಿ ನಗುವಿತ್ತು. ಆದರೂ ಸಾವಂತ್ರೆವ್ವನ ಜೀವ ಬಾಯಿಗೆ ಬಂತು. ಹನ್ನೊಂದು ವರ್ಷದಲ್ಲಿ ಅವಳು ಮಗಳ ಪರವಾಗಿ ಎಲ್ಲರ ಕ್ಷಮೆ ಕೇಳಿದ್ದಳು, ಯಾರ ಬಳಿಯೂ ಏನನ್ನೂ ಕೇಳಿರಲಿಲ್ಲ.

"ಬೇಕಕ್ಕ," ಎಂದು ಎರಡೂ ಕೈ ಮುಂದೆ ಚಾಚಿದಳು. "ನನ್ನ ಮಗಳನ್ನ ಕರೀಬೇಕ ನೀನು."