ಒಂದು ಉಸಿರು ತಡ

ನನ್ನ ಮನೆಯ ಕೆಳಗಿನ ಕೋಣೆಯಲ್ಲಿ ಗಿಟಾರ್ ಮೊಳಗಿದರೆ ಇಡೀ ಬೀದಿಯ ಬೆಕ್ಕುಗಳು ಊರು ಬಿಟ್ಟು ಓಡುತ್ತವೆ. ಸರಿ, ಅರ್ಧ ಸುಳ್ಳು. ಓಡಿದ್ದು ಒಂದೇ ಬೆಕ್ಕು, ಅದೂ ಪಕ್ಕದ ಮನೆಯವರೆಗೆ. ಸದ್ದು ಹೊರಗೆ ಹೋಗದಿರಲಿ ಎಂದು ನನ್ನವರು ಬದುಕಿದ್ದಾಗಲೇ ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿದ್ದರು.

ಆ ದಿನ ಅಲ್ಲಿ ಬ್ಯಾಂಡಿನ ಅಭ್ಯಾಸದಲ್ಲಿ ಅದೇ ಹಾಡು ಮತ್ತೆ ಕೆಟ್ಟಿತು. ಬ್ಯಾಂಡ್ ಕಟ್ಟಿದ ಗಿಟಾರಿಸ್ಟ್ ಬಿಟ್ಟ ಮೇಲೆ ಇದು ಮೊದಲ ಆಲ್ಬಂ. ಗಿಟಾರ್ ಒಂಟಿಯಾಗಿ ಮೆರೆಯುವ ಸೋಲೋ ಶುರುವಾಗುವ ಜಾಗದಲ್ಲಿ ಮೊದಲಿನವರು ಯಾವಾಗಲೂ ಒಂದು ಉಸಿರು ತಡವಾಗಿ ಬರುತ್ತಿದ್ದರು. ಡ್ರಮ್ಮಿನವನು ಈಗಲೂ ಅಲ್ಲಿ ಕಾಯುತ್ತಾನೆ. ಅವರ ಜಾಗಕ್ಕೆ ಬಂದ ಹೊಸಬ ತಾಳದ ಲೆಕ್ಕಕ್ಕೆ ಸರಿಯಾಗಿ ನುಗ್ಗುತ್ತಾನೆ. ಹಾಡು ಮುಗ್ಗರಿಸುತ್ತದೆ. ಬೈಗುಳ ಮಾತ್ರ ಹೊಸಬನಿಗೆ.

ಹಾಡುವವಳು ನನ್ನ ತಂಗಿಯ ಮಗಳು. ಆ ತಡವೇ ಬ್ಯಾಂಡಿನ ಜೀವ, ಅದರಲ್ಲಿ ಒಂದು ಜನ್ಮದ ನೋವಿದೆ ಎಂದು ಅವನಿಗೆ ಪಾಠ ಹೇಳುತ್ತಿದ್ದಳು. ನಾನು ಚಹಾ ತಟ್ಟೆ ಹಿಡಿದು ಮೆಟ್ಟಿಲ ಮೇಲಿದ್ದೆ. ನಾನು ಇಳಿದು ಮುಟ್ಟುವಷ್ಟರಲ್ಲಿ ಚಹಾ ಮಂಜುಗಡ್ಡೆಯಾಗುತ್ತದೆ.

ಹೊಸಬ ಗಿಟಾರನ್ನು ಚೀಲಕ್ಕೆ ತುರುಕಿದ.

“ಆ ನೋವು ನಂಗೆ ಬರಲ್ಲ ಅಕ್ಕ. ಅವರನ್ನೇ ಕರೀರಿ.”

“ಕರೆದಾಯ್ತು. ಇನ್ನು ನುಡಿಸಲ್ಲ ಅಂದ್ರು. ಯಾಕೆ ಅಂತ ಬಾಯಿ ಬಿಡಲಿಲ್ಲ.”

“ಹಾಗಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಹೀಗೇ ಇಬ್ಬರು ಆಗಲೇ ಎದ್ದುಹೋಗಿದ್ದರು. ಇವನೂ ಹೋದರೆ ಆಲ್ಬಂ ಅಲ್ಲಿಗೇ ಮುಗಿಯಿತು. ಇನ್ನೊಬ್ಬ ಸಿಗುವಷ್ಟರಲ್ಲಿ ಹಾಡುವವಳ ಹಲ್ಲೆಲ್ಲ ಉದುರಿರುತ್ತದೆ. ಡ್ರಮ್ಮಿನವನು ಕೋಲು ಬಿಸಾಡಿದ.

ನನಗೂ ರೇಗಿತು. ಜೀವವಂತೆ, ಜನ್ಮವಂತೆ! ಸೋಲೋಗೆ ಮುಂಚೆ ಗಿಟಾರಿನ ಸದ್ದು ಏರಿಸಲು ನೆಲದ ಮೇಲಿನ ಪೆಡಲನ್ನು ಪಾದದಿಂದ ಒತ್ತಬೇಕು. ಮೊದಲಿನವರ ಮೊಣಕಾಲು ತುಕ್ಕು ಹಿಡಿದ ಗೇಟು. ಎತ್ತಿ ಇಡುವಷ್ಟರಲ್ಲಿ ಒಂದು ಉಸಿರು ಕಳೆಯುತ್ತಿತ್ತು. ಅಷ್ಟೇ ಗುಟ್ಟು. ನುಡಿಸುವುದನ್ನು ಬಿಟ್ಟದ್ದೂ ಆ ಕಾಲಿನಿಂದಲೇ. ಜನ ಅದನ್ನು ಕಲೆ ಎಂದು ಹೊಗಳುತ್ತಿರುವಾಗ ಮಂಡಿನೋವು ಎಂದು ಹೇಳಲು ಜಂಬ ಬಿಡಬೇಕಲ್ಲ.

ಕೊನೆಗೂ ಬಾಗಿಲು ಮುಟ್ಟಿದೆ. ಹೊಸಬ ಚಹಾ ಬೇಡವೆಂದು ಚೀಲ ಹೆಗಲಿಗೇರಿಸಿದ. ತಂಗಿಯ ಮಗಳು ಅವನ ತೋಳು ಹಿಡಿದು ನನ್ನತ್ತ ತಿರುಗಿಸಿದಳು.

“ದೊಡ್ಡಮ್ಮ, ಬ್ಯಾಂಡ್ ಕಟ್ಟಿದ್ದು ನೀವು, ಆ ಸೋಲೋನೂ ನಿಮ್ದು. ಅಲ್ಲಿ ಯಾಕೆ ತಡ ಮಾಡ್ತಿದ್ರಿ ಅಂತ ಇವನಿಗೆ ನೀವೇ ಹೇಳಿ.”

ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಏನೆಂದಿರಬಹುದು, ಹೇಳಿ ನೋಡೋಣ?